ಅಡುಗೆಮನೆಯ ಮೇಜಿನಿಂದ ಹೃದಯದ ಧಮನಿಗೆ: ಡಾ. ಆಂದ್ರೆಯಾಸ್ ಗ್ರುಂಟ್ಸಿಗ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಸಂತೋಷವೂ ಆಯಿತು, ಸಂಕೋಚವೂ ಆಯಿತು. ಶಾಲೆಯನ್ನು ಕಟ್ಟಿ ಬೆಳೆಸಿದ ಹಿರಿಯರ ಬಗ್ಗೆ ಬರೆಯಲು ನನಗಿಂತ ಅರ್ಹರಾದವರು ಅನೇಕರಿದ್ದಾರೆ. ಆದುದರಿಂದ ನಾನು, ಜತ್ತ ತಾಲ್ಲೂಕಿನ ಹೆಸರನ್ನು ಕೂಡ ಕೇಳಿರಲಾರದ, ಆದರೆ ಇಲ್ಲಿನ ಅನೇಕ ಮನೆಗಳ ದೀಪ ಆರದಂತೆ ಕಾಯ್ದ ಮಹನೀಯರೊಬ್ಬರ ಜೀವನವನ್ನು ಬರೆಯಲು ನಿಶ್ಚಯಿಸಿದೆ. ಅವರೇ ಹೃದಯದ ರಕ್ತನಾಳಗಳಿಗೆ ಬಲೂನು ಚಿಕಿತ್ಸೆಯನ್ನು ಕಂಡುಹಿಡಿದ ಡಾ. ಆಂದ್ರೆಯಾಸ್ ಗ್ರುಂಟ್ಸಿಗ್. ನಾನು ವೈದ್ಯನಲ್ಲ, ನಿವೃತ್ತ ವಿಜ್ಞಾನ ಶಿಕ್ಷಕ. ಅವರ ಬಗ್ಗೆ ನಾನು ಓದತೊಡಗಿದ್ದಕ್ಕೆ ಒಂದು ಕಾರಣವಿದೆ. ಅದು ಈ ಶಾಲೆಗೇ ಸಂಬಂಧಪಟ್ಟದ್ದು.

ನಮಗೆ ವಿಜ್ಞಾನ ಕಲಿಸಿದ ಮಾಸ್ತರರನ್ನು ಆರಂಭದ ವರ್ಷಗಳ ವಿದ್ಯಾರ್ಥಿಗಳು ಮರೆತಿರಲಾರರು. ಪ್ರಯೋಗಶಾಲೆ ಎಂಬುದಿಲ್ಲದ ಆ ದಿನಗಳಲ್ಲಿ ಅವರು ತಮ್ಮ ಸೈಕಲ್ಲನ್ನೇ ತರಗತಿಯೊಳಗೆ ತಂದು ಗಾಳಿಯ ಒತ್ತಡದ ಪಾಠ ಮಾಡುತ್ತಿದ್ದರು. ಟೈರಿಲ್ಲದ ಬರಿಯ ಟ್ಯೂಬಿಗೆ ಗಾಳಿ ಹೊಡೆದರೆ ಅದು ದುರ್ಬಲವಾದ ಕಡೆಗೆ ಉಬ್ಬುತ್ತದೆ, ಟೈರಿನೊಳಗೆ ಕೂರಿಸಿ ಹೊಡೆದರೆ ಅಳತೆ ಮೀರದೆ ಗಟ್ಟಿಯಾಗುತ್ತದೆ ಎಂಬುದನ್ನು ನಮ್ಮ ಕೈಯಿಂದಲೇ ಮಾಡಿಸಿ ತೋರಿಸುತ್ತಿದ್ದರು. ನಡುವಯಸ್ಸು ದಾಟಿದ ಮೇಲೆ ಅವರಿಗೆ ಏರು ಹತ್ತುವಾಗ ಎದೆ ಬಿಗಿಹಿಡಿಯತೊಡಗಿತು. ವಾಯುವೆಂದು ತಿಳಿದು ಅಜವಾನದ ಕಷಾಯ ಕುಡಿದರು, ಸೋಡಾ ಕುಡಿದರು. ಕೊನೆಗೆ ಪಟ್ಟಣದ ವೈದ್ಯರು ಹೃದಯದ ರಕ್ತನಾಳ ಕಿರಿದಾಗಿದೆ, ಬೈಪಾಸ್ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದರು. ಎದೆಯ ಎಲುಬನ್ನು ಸೀಳುತ್ತಾರೆಂಬ ಮಾತು ಕೇಳಿಯೇ ಮನೆಯವರು ಹೆದರಿದರು. ಈ ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ ಎಂದು ದಿನ ನೂಕಿದರು. 1991ರ ಒಂದು ಬೆಳಗಿನ ಜಾವ, ಬಾಡಿಗೆಯ ಜೀಪು ಮನೆಯ ಮುಂದೆ ಬಂದು ನಿಲ್ಲುವ ಮೊದಲೇ ಅವರು ತೀರಿಕೊಂಡರು.

ಇಪ್ಪತ್ತು ವರ್ಷಗಳ ನಂತರ, 2011ರಲ್ಲಿ, ಅದೇ ಬಿಗಿತ ನನ್ನ ಎದೆಗೂ ಬಂತು. ಮಾಸ್ತರರ ನೆನಪಾಗಿ ನಾನು ಕಷಾಯ ಕುಡಿಯುತ್ತ ಕೂರದೆ ಮಿರಜದ ದಾರಿ ಹಿಡಿದೆ. ಅಲ್ಲಿನ ವೈದ್ಯರು ತೊಡೆಯ ಸಂದಿಯಲ್ಲಿ ಸೂಜಿ ಚುಚ್ಚಿದಷ್ಟೇ ರಂಧ್ರ ಮಾಡಿ, ಅದರ ಮೂಲಕ ನಳಿಗೆಯೊಂದನ್ನು ಹೃದಯದವರೆಗೆ ಸಾಗಿಸಿ, ಕಿರಿದಾದ ಧಮನಿಯನ್ನು ಬಲೂನಿನಿಂದ ಹಿಗ್ಗಿಸಿದರು. ನನಗೆ ಎಚ್ಚರವಿತ್ತು. ಪರದೆಯ ಮೇಲೆ ನನ್ನ ಹೃದಯವನ್ನು ನಾನೇ ನೋಡುತ್ತಿದ್ದೆ. ಮೂರನೆಯ ದಿನ ನಡೆದುಕೊಂಡು ಮನೆಗೆ ಬಂದೆ. ಆ ರಾತ್ರಿ ನಿದ್ರೆ ಬರಲಿಲ್ಲ. ಮಾಸ್ತರರು ತೀರಿಕೊಂಡಾಗ ಈ ಚಿಕಿತ್ಸೆ ಲೋಕದಲ್ಲಿ ಇತ್ತೇ ಎಂಬ ಪ್ರಶ್ನೆ ಕಾಡಿತು. ಇತ್ತು. ಅದು ಹುಟ್ಟಿ ಆಗಲೇ ಹದಿನಾಲ್ಕು ವರ್ಷಗಳಾಗಿದ್ದವು, ಭಾರತದಲ್ಲಿಯೂ ಡಾ. ಮ್ಯಾಥ್ಯೂ ಸ್ಯಾಮ್ಯುಯೆಲ್ ಕಳರಿಕ್ಕಲ್ ಅವರು 1986ರಲ್ಲಿಯೇ ಅದನ್ನು ಆರಂಭಿಸಿದ್ದರು. ನಮ್ಮೂರಿಗೆ ಅದರ ಸುದ್ದಿ ಬಂದಿರಲಿಲ್ಲ, ಅಷ್ಟೇ. ಹೀಗೆ ನಾನು ಗ್ರುಂಟ್ಸಿಗ್ ಅವರ ಜೀವನವನ್ನು ಹುಡುಕಿಕೊಂಡು ಹೋದೆ.

ಆಂದ್ರೆಯಾಸ್ ಗ್ರುಂಟ್ಸಿಗ್ 1939ರ ಜೂನ್ 25ರಂದು ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಜನಿಸಿದರು. ಎರಡೇ ತಿಂಗಳ ನಂತರ ಎರಡನೆಯ ಮಹಾಯುದ್ಧ ಆರಂಭವಾಯಿತು. ಯುದ್ಧಕ್ಕೆ ಹೋದ ತಂದೆ ಮರಳಿ ಬರಲಿಲ್ಲ. ಇಬ್ಬರು ಗಂಡುಮಕ್ಕಳನ್ನು ಸಾಕುವ ಹೊಣೆ ತಾಯಿಯ ಮೇಲೆ ಬಿತ್ತು. ಯುದ್ಧಾನಂತರದ ಹಸಿವಿನ ದಿನಗಳಲ್ಲಿ ಆಕೆ ಮಕ್ಕಳೊಡನೆ ಕೆಲಕಾಲ ದೂರದ ಅರ್ಜೆಂಟೀನಾಕ್ಕೂ ಹೋಗಿ ಬಂದಳು. ಆಮೇಲೆ ಆಂದ್ರೆಯಾಸ್ ಲೈಪ್ಸಿಗ್ ನಗರದ ಪ್ರಸಿದ್ಧ ಥಾಮಸ್ ಶಾಲೆಯಲ್ಲಿ ಓದಿದರು. 1212ರಷ್ಟು ಹಿಂದೆ ಸ್ಥಾಪನೆಯಾದ, ಮಹಾ ಸಂಗೀತಗಾರ ಬಾಖ್ ದುಡಿದ ಶಾಲೆ ಅದು.

ಆ ಹೊತ್ತಿಗೆ ಜರ್ಮನಿ ಎರಡು ಹೋಳಾಗಿತ್ತು. ಲೈಪ್ಸಿಗ್ ಪೂರ್ವ ಭಾಗದಲ್ಲಿತ್ತು. 1961ರಲ್ಲಿ ಬರ್ಲಿನ್ ಗೋಡೆ ಏಳುವುದಕ್ಕೆ ಮುನ್ನವೇ, ಶಾಲೆ ಮುಗಿಸಿದ ಈ ತರುಣ ಗಡಿ ದಾಟಿ ಪಶ್ಚಿಮಕ್ಕೆ ಬಂದು ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿದರು. ಒಂದೇ ಭಾಷೆಯ ಜನರ ನಡುವೆ ಗೆರೆ ಎಳೆದಾಗ ಮನಸ್ಸು ಹೇಗೆ ನೋಯುತ್ತದೆಂಬುದನ್ನು ಗಡಿನಾಡಿನವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಅವರು ವೈದ್ಯರಾದರು. ಕೆಲವು ವರ್ಷ ಬೇರೆ ಬೇರೆ ಆಸ್ಪತ್ರೆಗಳಲ್ಲಿ ದುಡಿದು 1969ರಲ್ಲಿ ಸ್ವಿಟ್ಜರ್‌ಲೆಂಡಿನ ಜೂರಿಕ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಸೇರಿದರು.

ಅವರ ಸಾಧನೆಯ ಬೆಲೆ ತಿಳಿಯಬೇಕಾದರೆ ಅದಕ್ಕೆ ಹಿಂದಿನ ಕಥೆಯನ್ನು ಸ್ವಲ್ಪ ನೋಡಬೇಕು. ಬದುಕಿರುವ ಮನುಷ್ಯನ ಹೃದಯಕ್ಕೆ ನಳಿಗೆ ಹಾಕಬಹುದೆಂದು 1929ರಲ್ಲಿ ತೋರಿಸಿದವರು ವೆರ್ನರ್ ಫೋರ್ಸ್‌ಮನ್ ಎಂಬ ಜರ್ಮನ್ ತರುಣ ವೈದ್ಯರು. ಅವರು ತಮ್ಮ ತೋಳಿನ ರಕ್ತನಾಳದ ಮೂಲಕ ತಮ್ಮ ಹೃದಯಕ್ಕೇ ನಳಿಗೆ ತೂರಿಸಿ ಕ್ಷಕಿರಣ ಚಿತ್ರ ತೆಗೆಸಿಕೊಂಡರು. ಆಗ ಟೀಕೆಗೆ ಗುರಿಯಾದ ಆ ಕೆಲಸಕ್ಕೆ 1956ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಬಂತು. 1958ರಲ್ಲಿ ಅಮೆರಿಕದ ಮೇಸನ್ ಸೋನ್ಸ್ ಹೃದಯದ ಧಮನಿಗಳ ಚಿತ್ರ ತೆಗೆಯುವ ವಿಧಾನವನ್ನು, ಅಂದರೆ ಕರೋನರಿ ಆಂಜಿಯೋಗ್ರಾಫಿಯನ್ನು ಕಂಡುಕೊಂಡರು. ಎಲ್ಲಿ ಅಡಚಣೆಯಿದೆ ಎಂಬುದು ಕಣ್ಣಿಗೆ ಕಂಡ ಮೇಲೆ, ಕಾಲಿನ ಅಶುದ್ಧ ರಕ್ತನಾಳದ ತುಂಡನ್ನು ತೆಗೆದು ಅಡಚಣೆಯನ್ನು ಬಳಸಿ ಹೋಗುವಂತೆ ಹೊಲಿಯುವ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು 1967ರಿಂದ ರೆನೆ ಫವಲೋರೋ ರೂಢಿಗೆ ತಂದರು. ಅದು ಅಸಂಖ್ಯ ಜನರನ್ನು ಉಳಿಸಿದೆ, ಇಂದಿಗೂ ಉಳಿಸುತ್ತಿದೆ. ಆದರೆ ಎದೆಯನ್ನು ತೆರೆಯದೆ ಗತ್ಯಂತರವಿರಲಿಲ್ಲ.

ಕತ್ತರಿಸದೆ ರಕ್ತನಾಳವನ್ನು ತೆರೆಯುವ ಮಾತನ್ನು ಮೊದಲು ಕೃತಿಗಿಳಿಸಿದವರು ಅಮೆರಿಕದ ಚಾರ್ಲ್ಸ್ ಡಾಟರ್. ಕಾಲು ಕೊಳೆಯತೊಡಗಿದ್ದ, ಆದರೆ ಕಾಲು ಕತ್ತರಿಸಲು ಒಪ್ಪದ 82 ವರ್ಷದ ವೃದ್ಧೆಯೊಬ್ಬಳ ತೊಡೆಯ ಧಮನಿಯನ್ನು ಅವರು 1964ರ ಜನವರಿ 16ರಂದು, ಒಂದರ ಮೇಲೊಂದು ದಪ್ಪನೆಯ ನಳಿಗೆಗಳನ್ನು ತೂರಿಸಿ ಹಿಗ್ಗಿಸಿದರು. ಆಕೆ ಬದುಕಿರುವಷ್ಟು ಕಾಲ ತನ್ನ ಕಾಲ ಮೇಲೆಯೇ ನಡೆದಳು. ಆದರೂ ಅಮೆರಿಕದ ಬಹುಪಾಲು ವೈದ್ಯರು ಅದನ್ನು ಕಡೆಗಣಿಸಿದರು. ಜರ್ಮನಿಯಲ್ಲಿ ಡಾ. ಎಬರ್‌ಹಾರ್ಡ್ ಝೈಟ್ಲರ್ ಅದನ್ನು ಮುಂದುವರಿಸಿದ್ದರು. ಗ್ರುಂಟ್ಸಿಗ್ ಅಲ್ಲಿಗೆ ಹೋಗಿ ಕಲಿತು ಬಂದರು.

ಕಲಿತದ್ದರಲ್ಲಿ ಒಂದು ಕೊರತೆ ಅವರಿಗೆ ಕಂಡಿತು. ಡಾಟರ್ ವಿಧಾನದಲ್ಲಿ ರಕ್ತನಾಳ ಹಿಗ್ಗಬೇಕಾದಷ್ಟು ದಪ್ಪದ ನಳಿಗೆಯನ್ನೇ ಚರ್ಮದೊಳಗೆ ತೂರಿಸಬೇಕಿತ್ತು. ಸಣ್ಣದಾಗಿ ಒಳಹೋಗಿ, ಬೇಕಾದ ಸ್ಥಳದಲ್ಲಿ ಮಾತ್ರ ದೊಡ್ಡದಾಗಿ, ಮತ್ತೆ ಸಣ್ಣದಾಗಿ ಹೊರಬರುವ ಸಾಧನ ಬೇಕು. ಅಂದರೆ ಬಲೂನು. ಆದರೆ ಜಾತ್ರೆಯಲ್ಲಿ ಮಾರುವಂತಹ ರಬ್ಬರಿನ ಬಲೂನು ಇಲ್ಲಿ ಕೆಲಸಕ್ಕೆ ಬಾರದು. ಗಟ್ಟಿಯಾದ ಅಡಚಣೆಯ ನಡುವೆ ಅದನ್ನು ಊದಿದರೆ ನಡು ಹಾಗೆಯೇ ಉಳಿದು ಎರಡೂ ತುದಿಗಳು ಡಮರುವಿನಂತೆ ಉಬ್ಬುತ್ತವೆ. ರೋಗವಿಲ್ಲದ ಭಾಗವೇ ಹರಿಯುವ ಭಯ. ಗೊತ್ತುಪಡಿಸಿದ ಅಳತೆಯವರೆಗೆ ಉಬ್ಬಿ, ಅದಕ್ಕಿಂತ ಒಂದು ಎಳೆಯೂ ಹೆಚ್ಚು ಉಬ್ಬದೆ ಗಟ್ಟಿಯಾಗುವ, ಉದ್ದನೆಯ ಕೊಳವೆಯಾಕಾರದ ಬಲೂನು ಬೇಕಿತ್ತು. ಇದನ್ನು ಓದಿದಾಗ ನನಗೆ ಮಾಸ್ತರರ ಸೈಕಲ್ ಟ್ಯೂಬು ಮತ್ತು ಟೈರು ಕಣ್ಣಮುಂದೆ ಬಂದವು.

ಅಂತಹ ಬಲೂನನ್ನು ಯಾವ ಕಂಪನಿಯೂ ಮಾಡಿಕೊಡಲಿಲ್ಲ. ಗ್ರುಂಟ್ಸಿಗ್ ತಮ್ಮ ಮನೆಯ ಅಡುಗೆಮನೆಯ ಮೇಜಿನ ಮೇಲೆ ತಾವೇ ಮಾಡತೊಡಗಿದರು. ಹಗಲೆಲ್ಲ ಆಸ್ಪತ್ರೆಯ ದುಡಿಮೆ. ಸಂಜೆಯಾದ ಮೇಲೆ ಪತ್ನಿ ಮಿಖಾಯೆಲಾ, ಸಹಾಯಕಿ ಮರಿಯಾ ಶ್ಲುಂಪ್ಫ್ ಹಾಗೂ ಆಕೆಯ ಪತಿ ವಾಲ್ಟರ್ ಎಲ್ಲರೂ ಆ ಮೇಜಿನ ಸುತ್ತ ಕೂತು ನಳಿಗೆ, ಅಂಟು, ದಾರಗಳೊಡನೆ ಹೆಣಗುತ್ತಿದ್ದರು. ಊದುವಾಗ ಅಳತೆ ಮೀರದಿರಲೆಂದು ಮೊದಲು ರೇಷ್ಮೆಯ ಜಾಳಿಗೆಯನ್ನು ಹೊದಿಸಿ ನೋಡಿದರು. ಸರಿಹೋಗಲಿಲ್ಲ. ಆಗ ಹೈನ್ರಿಕ್ ಹೋಪ್ಫ್ ಎಂಬ ನಿವೃತ್ತ ರಸಾಯನಶಾಸ್ತ್ರ ಪ್ರಾಧ್ಯಾಪಕರು ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕನ್ನು ಅವರಿಗೆ ಪರಿಚಯಿಸಿದರು. ಇಂದು ನಮ್ಮ ಹೊಲಗಳಿಗೆ ನೀರು ತರುವ ಪೈಪುಗಳೂ ಆ ಜಾತಿಯ ಪ್ಲಾಸ್ಟಿಕ್ಕಿನವೇ. ತೆಳುವಾದ ಪಿ.ವಿ.ಸಿ. ನಳಿಗೆಯನ್ನು ಕಾಯಿಸಿ ಊದಿ ಬೇಕಾದ ಆಕಾರ ಕೊಟ್ಟಾಗ ಜಾಳಿಗೆಯ ಅಗತ್ಯವೇ ಉಳಿಯಲಿಲ್ಲ. 1974ರ ಫೆಬ್ರವರಿಯಲ್ಲಿ ರೋಗಿಯೊಬ್ಬರ ಕಾಲಿನ ಧಮನಿಯನ್ನು ಅವರು ಈ ಬಲೂನಿನಿಂದ ಹಿಗ್ಗಿಸಿದರು. ಮುಂದೆ ನಳಿಗೆಯೊಳಗೆ ಎರಡು ದಾರಿಗಳನ್ನು ಮಾಡಿದರು. ಒಂದು ಬಲೂನನ್ನು ಊದಲು, ಇನ್ನೊಂದು ಅಡಚಣೆಯ ಆಚೆಗಿನ ರಕ್ತದ ಒತ್ತಡವನ್ನು ಅಳೆಯಲು.

ಕಾಲಿನ ಧಮನಿಗೂ ಹೃದಯದ ಧಮನಿಗೂ ಬಹಳ ಅಂತರವಿದೆ. ಹೃದಯದ ಧಮನಿಯ ಅಗಲ ಮೂರು ನಾಲ್ಕು ಮಿಲಿಮೀಟರು ಮಾತ್ರ; ಅದು ಪ್ರತಿ ಬಡಿತಕ್ಕೂ ಅಲುಗಾಡುತ್ತಿರುತ್ತದೆ; ಅಲ್ಲಿ ರಕ್ತ ಕೆಲವು ನಿಮಿಷ ನಿಂತರೂ ಅಪಾಯ. 1975ರಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ, 1976ರ ನವೆಂಬರಿನಲ್ಲಿ ಅದರ ಫಲಿತಾಂಶವನ್ನು ಅಮೆರಿಕದ ಮಯಾಮಿ ನಗರದ ಹೃದ್ರೋಗ ತಜ್ಞರ ಸಮ್ಮೇಳನದಲ್ಲಿ ಒಂದು ಭಿತ್ತಿಫಲಕದ ಮೇಲೆ ಪ್ರದರ್ಶಿಸಿದರು. ಹೆಚ್ಚಿನವರು ನಂಬಲಿಲ್ಲ. ನಂಬಿದ ಕೆಲವರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಡಾ. ರಿಚರ್ಡ್ ಮೈಲರ್ ಒಬ್ಬರು. ಅವರೊಡನೆ 1977ರ ಮೇ ತಿಂಗಳಲ್ಲಿ, ಬೈಪಾಸ್ ಶಸ್ತ್ರಚಿಕಿತ್ಸೆಗಾಗಿ ಎದೆ ತೆರೆದಿದ್ದ ರೋಗಿಯ ಧಮನಿಯಲ್ಲಿ ಬಲೂನನ್ನು ಪರೀಕ್ಷಿಸಿದರು.

ಕೊನೆಗೆ 1977ರ ಸೆಪ್ಟೆಂಬರ್ 16 ಬಂತು. ಇನ್ನೂ ನಲವತ್ತು ತುಂಬದ ಒಬ್ಬ ರೋಗಿ ಜೂರಿಕ್ ಆಸ್ಪತ್ರೆಯಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಗೆ ಸಿದ್ಧನಾಗಿದ್ದ. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಧಮನಿಯ ಮೊದಲಿನಲ್ಲೇ ಒಂದು ಸಣ್ಣ ಇಕ್ಕಟ್ಟು. ಗ್ರುಂಟ್ಸಿಗ್ ಎಲ್ಲವನ್ನೂ ವಿವರಿಸಿದರು. ಇದು ಇನ್ನೂ ಯಾರ ಮೇಲೂ ಹೀಗೆ ನಡೆದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ರೋಗಿ ಒಪ್ಪಿದ. ಖ್ಯಾತ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರ ತಂಡ, ಅನಾಹುತವಾದರೆ ಕೂಡಲೇ ಎದೆ ತೆರೆಯಲು ಸಿದ್ಧವಾಗಿ ನಿಂತಿತ್ತು. ಶಸ್ತ್ರಚಿಕಿತ್ಸೆಗೇ ಸವಾಲಾಗಬಹುದಾದ ವಿಧಾನಕ್ಕೆ ಆ ಶಸ್ತ್ರವೈದ್ಯರೇ ಬೆಂಬಲ ಕೊಟ್ಟದ್ದು ಅವರ ದೊಡ್ಡ ಗುಣ. ಎಚ್ಚರವಾಗಿದ್ದ ರೋಗಿಯ ಧಮನಿಯಲ್ಲಿ ಬಲೂನು ಎರಡು ಬಾರಿ ಉಬ್ಬಿ ಇಳಿಯಿತು. ಧಮನಿ ತೆರೆಯಿತು. ಎದೆನೋವು ಹೋಯಿತು. ಹತ್ತು ವರ್ಷಗಳ ನಂತರ ಪರೀಕ್ಷಿಸಿದಾಗಲೂ, ಇಪ್ಪತ್ತಮೂರು ವರ್ಷಗಳ ನಂತರ ಪರೀಕ್ಷಿಸಿದಾಗಲೂ ಆ ಸ್ಥಳ ತೆರೆದೇ ಇತ್ತು.

ನನ್ನನ್ನು ಹೆಚ್ಚು ಸೆಳೆದದ್ದು ಇದರ ನಂತರದ ಭಾಗ. ಗೆದ್ದವರು ಗೆಲುವನ್ನು ಹೇಳಿಕೊಳ್ಳುವುದು ಲೋಕದ ರೀತಿ. ಗ್ರುಂಟ್ಸಿಗ್ 1979ರ ಜುಲೈನಲ್ಲಿ ತಮ್ಮ ಮೊದಲ 50 ರೋಗಿಗಳ ವಿವರವನ್ನು ಪ್ರಕಟಿಸಿದರು. ಅದರಲ್ಲಿ 32 ಮಂದಿಯಲ್ಲಿ ಬಲೂನು ಯಶಸ್ವಿಯಾಗಿತ್ತು. ಅವರಲ್ಲಿ ಸರಾಸರಿ ನೂರಕ್ಕೆ 84ರಷ್ಟಿದ್ದ ಇಕ್ಕಟ್ಟು 34ಕ್ಕೆ ಇಳಿದಿತ್ತು. ಉಳಿದ 18 ಮಂದಿಯಲ್ಲಿ ಆಗಿರಲಿಲ್ಲ. ಐವರಿಗೆ ತುರ್ತಾಗಿ ಬೈಪಾಸ್ ಮಾಡಬೇಕಾಯಿತು ಎಂಬುದನ್ನೂ, ಬೈಪಾಸ್ ಬೇಕಾದವರಲ್ಲಿ ನೂರಕ್ಕೆ 10ರಿಂದ 15 ಮಂದಿಗೆ ಮಾತ್ರ ಇದು ತಕ್ಕದ್ದೆಂಬುದನ್ನೂ ಅವರೇ ಬರೆದರು. ಈ ಕೆಲಸ ಮಾಡುವ ಪ್ರತಿಯೊಬ್ಬ ವೈದ್ಯನೂ ತನ್ನ ಪ್ರತಿಯೊಂದು ಪ್ರಕರಣವನ್ನು, ಸೋತದ್ದನ್ನೂ ಸೇರಿಸಿ, ಒಂದೇ ದಾಖಲೆಪುಸ್ತಕಕ್ಕೆ ಒಪ್ಪಿಸಬೇಕೆಂಬುದು ಅವರ ಪಟ್ಟು. 1979ರಲ್ಲಿ ಅಮೆರಿಕದಲ್ಲಿ ಅಂತಹ ಅಧಿಕೃತ ದಾಖಲೆ ಆರಂಭವಾಯಿತು.

ಕಲಿಸುವುದರಲ್ಲಿಯೂ ಅವರದು ಇದೇ ಬಗೆ. 1978ರಲ್ಲಿ ಜೂರಿಕ್‌ನಲ್ಲಿ ಅವರು ಬೇರೆ ದೇಶಗಳ ವೈದ್ಯರನ್ನು ಕರೆಸಿ, ತಾವು ಚಿಕಿತ್ಸೆ ಮಾಡುವುದನ್ನು ದೂರದರ್ಶನದ ಪರದೆಯ ಮೇಲೆ ಅವರಿಗೆ ನೇರವಾಗಿ ತೋರಿಸಿದರು. ಕೈ ತಪ್ಪಿದರೆ ಅದು ಎಲ್ಲರ ಕಣ್ಣೆದುರಿಗೇ ತಪ್ಪುತ್ತಿತ್ತು. ನಲವತ್ತು ವರ್ಷ ಪಾಠ ಹೇಳಿದ ನನಗೆ, ಹೀಗೆ ಕಲಿಸುವುದಕ್ಕೆ ಎಷ್ಟು ಧೈರ್ಯ ಬೇಕೆಂಬುದು ಗೊತ್ತು. ಗುಟ್ಟಾಗಿಟ್ಟುಕೊಂಡಿದ್ದರೆ ಈ ವಿದ್ಯೆ ಒಂದು ಊರಿನ ಒಬ್ಬ ವೈದ್ಯನ ಕೈಚಳಕವಾಗಿ ಉಳಿಯುತ್ತಿತ್ತು. ತೆರೆದಿಟ್ಟು ಕಲಿಸಿದ್ದರಿಂದ ಅದು ಕೈಯಿಂದ ಕೈಗೆ ಸಾಗಿ ಮಿರಜದವರೆಗೆ ಬಂತು.

ಜೂರಿಕ್‌ನಲ್ಲಿ ಸ್ಥಳಾವಕಾಶ ಸಾಲದಾಗಿ 1980ರಲ್ಲಿ ಅವರು ಅಮೆರಿಕದ ಅಟ್ಲಾಂಟಾ ನಗರದ ಎಮರಿ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಕೀರ್ತಿ ಬಂತು, ಸಂಪತ್ತು ಬಂತು. ಮೊದಲ ದಾಂಪತ್ಯ ಮುರಿಯಿತು. ಎರಡನೆಯ ಮದುವೆಯಾಯಿತು. ವಿಮಾನ ಹಾರಿಸುವ ಹವ್ಯಾಸ ಬೆಳೆಯಿತು. 1985ರ ಅಕ್ಟೋಬರ್ 27ರಂದು ಕೆಟ್ಟ ಹವೆಯಲ್ಲಿ ತಮ್ಮ ಸ್ವಂತ ವಿಮಾನವನ್ನು ತಾವೇ ನಡೆಸಿಕೊಂಡು ಅಟ್ಲಾಂಟಾಕ್ಕೆ ಮರಳುತ್ತಿದ್ದಾಗ ಅದು ಜಾರ್ಜಿಯಾ ರಾಜ್ಯದ ಫಾರ್ಸೈತ್ ಬಳಿ ಬಿದ್ದು, ಅವರೂ ತರುಣ ವೈದ್ಯೆಯಾಗಿದ್ದ ಪತ್ನಿಯೂ ಮೃತರಾದರು. ಅವರಿಗಾಗ 46 ವರ್ಷ. ರೋಗಿಯ ವಿಷಯದಲ್ಲಿ ಅಷ್ಟೊಂದು ಎಚ್ಚರವಹಿಸುತ್ತಿದ್ದವರು ತಮ್ಮ ವಿಷಯದಲ್ಲಿ ಅಷ್ಟು ಎಚ್ಚರವಹಿಸಲಿಲ್ಲವೇನೋ ಎಂದು ಮನಸ್ಸು ಮರುಗುತ್ತದೆ. ಅವರಿಗೆ ದಾರಿ ಮಾಡಿಕೊಟ್ಟ ಡಾಟರ್ ಮತ್ತು ಸೋನ್ಸ್ ಇಬ್ಬರೂ ಅದೇ 1985ರಲ್ಲಿ ತೀರಿಕೊಂಡಿದ್ದರು.

ಬಲೂನಿನ ದೊಡ್ಡ ಕೊರತೆಯೆಂದರೆ, ಹಿಗ್ಗಿಸಿದ ಧಮನಿ ಕೆಲವೇ ತಿಂಗಳುಗಳಲ್ಲಿ ಮೂವರಲ್ಲಿ ಒಬ್ಬರಿಗಾದರೂ ಮತ್ತೆ ಕಿರಿದಾಗುತ್ತಿತ್ತು. ಬಲೂನು ಕೊಬ್ಬಿನ ಪದರವನ್ನು ಒತ್ತಿ ಸೀಳಿ ಧಮನಿಯ ಗೋಡೆಯನ್ನು ಹಿಗ್ಗಿಸುತ್ತದೆ; ಆ ಗಾಯ ಮಾಯುವಾಗ ಗೋಡೆ ಮತ್ತೆ ಕುಗ್ಗುವುದುಂಟು, ಬೆಳೆಯುವುದೂ ಉಂಟು. ಬಾವಿಯ ಗೋಡೆ ಕುಸಿಯದಂತೆ ಉಂಗುರ ಇಳಿಸುವ ಹಾಗೆ, ಧಮನಿಯೊಳಗೆ ಲೋಹದ ಜಾಳಿಗೆಯ ಕೊಳವೆ, ಅಂದರೆ ಸ್ಟೆಂಟ್, ಕೂರಿಸುವ ಕೆಲಸ 1986ರಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್‌ಲೆಂಡ್‌ಗಳಲ್ಲಿ ಆರಂಭವಾಯಿತು. ಆಮೇಲೆ ಔಷಧ ಲೇಪಿಸಿದ ಸ್ಟೆಂಟುಗಳು ಬಂದವು. ಅದನ್ನು ನೋಡಲು ಗ್ರುಂಟ್ಸಿಗ್ ಇರಲಿಲ್ಲ.

ನಮ್ಮ ದೇಶದಲ್ಲಿ ಬಹುಕಾಲ ಸ್ಟೆಂಟಿನ ಬೆಲೆ ಬಡವರ ಕೈಗೆ ಎಟುಕುತ್ತಿರಲಿಲ್ಲ. 2017ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರವು ಸಾಮಾನ್ಯ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತಕ್ಕೆ 29,600 ರೂಪಾಯಿ ಎಂದು ಮಿತಿ ಹಾಕಿತು. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಆಂಜಿಯೋಪ್ಲಾಸ್ಟಿಗೂ ಅವಕಾಶವಿದೆ. ಇಷ್ಟಾದರೂ ಬಲೂನೇ ಎಲ್ಲಕ್ಕೂ ಮದ್ದು ಎಂದು ಯಾರೂ ತಿಳಿಯಬಾರದು. ಅನೇಕ ಧಮನಿಗಳು ಕೆಟ್ಟಿದ್ದರೆ, ಅದರ ಜೊತೆಗೆ ಸಕ್ಕರೆ ಕಾಯಿಲೆಯಿದ್ದರೆ ಬೈಪಾಸೇ ಲೇಸು ಎಂದು ವೈದ್ಯರು ಹೇಳುವುದುಂಟು. ಸ್ಥಿರವಾದ, ನಡೆದಾಗ ಮಾತ್ರ ಬರುವ ನೋವಿಗೆ ಹಲವೊಮ್ಮೆ ಔಷಧಿಯೇ ಸಾಕಾಗುತ್ತದೆ. ಆದರೆ ಧಮನಿ ಹಠಾತ್ತನೆ ಪೂರ್ತಿ ಮುಚ್ಚಿ ಹೃದಯಾಘಾತವಾದಾಗ, ಬೇಗ ತಲುಪಿದವರಿಗೆ ಬಲೂನಿನಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. ಅಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ.

ಆದುದರಿಂದ ನನ್ನ ಹಳೆಯ ಸಹಪಾಠಿಗಳಲ್ಲಿ, ಉಮದಿ, ಸಂಖ, ಗುಡ್ಡಾಪುರಗಳ ಕಡೆಯ ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ ಒಂದೇ ವಿನಂತಿ. ಎದೆ ಬಿಗಿದರೆ, ನೋವು ಎಡತೋಳಿಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ ವಾಯುವೆಂದು ಕಾಯಬೇಡಿ. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರಿಯ ಉಬ್ಬಸ, ಸುಸ್ತು ಕಾಣಿಸಬಹುದು. 108ಕ್ಕೆ ಕರೆ ಮಾಡಿ, ಹತ್ತಿರದಲ್ಲಿ ಇ.ಸಿ.ಜಿ. ತೆಗೆಸಿ, ವೈದ್ಯರು ಹೇಳಿದಂತೆ ಮುಂದಿನ ದಾರಿ ಹಿಡಿಯಿರಿ. ನಮ್ಮ ತಾಲ್ಲೂಕಿನ ದಾರಿ ದೂರದ್ದು. ಆದುದರಿಂದ ಹೊರಡುವುದಾದರೂ ಬೇಗ ಆಗಬೇಕು.

ನಮ್ಮ ಮಾಸ್ತರರಿಗೆ ಬೇಕಾದ ವಿದ್ಯೆ ಲೋಕದಲ್ಲಿತ್ತು, ಅವರಿದ್ದಲ್ಲಿಗೆ ಬಂದಿರಲಿಲ್ಲ. ಇದ್ದ ವಿದ್ಯೆಯನ್ನು ಇಲ್ಲದವರ ಬಳಿಗೆ ಒಯ್ಯುವುದೇ ಶಾಲೆಯ ಕೆಲಸವೆಂದು ನಾನು ನಂಬಿದ್ದೇನೆ. ಬರದ ನಾಡಿನಲ್ಲಿ, ಗಡಿಯ ಅಂಚಿನಲ್ಲಿ, ಕನ್ನಡದಲ್ಲಿ ಐವತ್ತು ವರ್ಷ ಆ ಕೆಲಸವನ್ನು ಮಾಡಿದ ನಮ್ಮ ಶಾಲೆ ಶತಮಾನೋತ್ಸವವನ್ನೂ ಕಾಣಲಿ ಎಂದು ಹಾರೈಸಿ, ಈ ಬರಹವನ್ನು ಗುರುಗಳ ಪಾದಗಳಿಗೆ ಅರ್ಪಿಸುತ್ತೇನೆ.